ಕಡತದಿಂದ ಕಂದಕಕ್ಕೆ: ನಾಜಿ ಆಳ್ವಿಕೆಯಲ್ಲಿ ಯೆಹೂದಿ ದಮನ ಬೆಳೆದ ಬಗೆ

ನಾಜಿ ಜರ್ಮನಿಯ ಹನ್ನೆರಡು ವರ್ಷಗಳ ಆಳ್ವಿಕೆಯಲ್ಲಿ ಯೂರೋಪಿನ ಸುಮಾರು 60 ಲಕ್ಷ ಯೆಹೂದಿಗಳು ಹತರಾದರು. ಈ ಸಂಖ್ಯೆ ಎಷ್ಟು ಪರಿಚಿತವಾಗಿದೆಯೆಂದರೆ, ಆ ಸಾವುಗಳು ಯಾವ ಯಾವ ವರ್ಷಗಳಲ್ಲಿ ಹೇಗೆ ಹಂಚಿಹೋಗಿವೆ ಎಂಬುದರತ್ತ ಗಮನ ಹರಿಯುವುದೇ ಕಡಿಮೆ. ಹಿಟ್ಲರ್ 1933ರ ಜನವರಿ 30ರಂದು ಅಧಿಕಾರಕ್ಕೆ ಬಂದ ಮೇಲೆ, 1941ರ ಜೂನ್‌ನಲ್ಲಿ ಜರ್ಮನ್ ಸೇನೆ ಸೋವಿಯತ್ ಒಕ್ಕೂಟದೊಳಕ್ಕೆ ನುಗ್ಗುವವರೆಗೆ, ಎಂಟು ವರ್ಷಕ್ಕೂ ಮಿಗಿಲಾದ ಕಾಲ ಸಂದಿತ್ತು. ಆ ಅವಧಿಯಲ್ಲಿ ಸತ್ತವರ ಪಾಲು ಒಟ್ಟು ಮೊತ್ತದಲ್ಲಿ ಚಿಕ್ಕದು. ಉಳಿದ ಕೊಲೆಗಳೆಲ್ಲ ಮುಂದಿನ ನಾಲ್ಕು ವರ್ಷಗಳೊಳಗೆ ನಡೆದವು, ಅವುಗಳಲ್ಲಿ ಅರ್ಧಕ್ಕೆ ಹತ್ತಿರದ ಪಾಲು 1942ರ ಒಂದೇ ವರ್ಷದಲ್ಲಿ. ಹಾಗಿದ್ದರೆ ಆ ಮೊದಲ ಎಂಟು ವರ್ಷ ಏನು ನಡೆಯುತ್ತಿತ್ತು, ಅದಕ್ಕೂ ಮುಂದಿನ ಹತ್ಯಾಕಾಂಡಕ್ಕೂ ಇರುವ ನಂಟು ಎಂಥದು ಎಂಬ ಪ್ರಶ್ನೆ ಇತಿಹಾಸಕಾರರನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಡಿದೆ.

ಈ ಚರ್ಚೆಯಲ್ಲಿ ಎರಡು ಪಂಥಗಳು ಹುಟ್ಟಿಕೊಂಡವು. ಲೂಸಿ ಡೇವಿಡೋವಿಚ್ ಮೊದಲಾದವರು ಕೊಲೆಯ ಸಂಕಲ್ಪ ಹಿಟ್ಲರನ ಮನಸ್ಸಿನಲ್ಲಿ ಬಹು ಮೊದಲೇ ಗಟ್ಟಿಯಾಗಿತ್ತು, ಮುಂದಿನದೆಲ್ಲ ಅದರ ಹಂತಹಂತದ ಜಾರಿ ಎಂದರು. ಇವರಿಗೆ ಉದ್ದೇಶವಾದಿಗಳೆಂದು ಹೆಸರಾಯಿತು. ಹಾನ್ಸ್ ಮೊಮ್‌ಸೆನ್, ಮಾರ್ಟಿನ್ ಬ್ರೊಸ್ಜಾಟ್ ಮೊದಲಾದವರು ಅಂಥ ನಕ್ಷೆಯೇ ಇರಲಿಲ್ಲವೆಂದೂ, ಪರಸ್ಪರ ಪೈಪೋಟಿಗೆ ಬಿದ್ದ ಇಲಾಖೆಗಳು ತಾವೇ ಹುಟ್ಟಿಸಿದ ಇಕ್ಕಟ್ಟುಗಳಿಂದ ಪಾರಾಗಲು ಒಂದಕ್ಕಿಂತ ಒಂದು ಕ್ರೂರವಾದ ದಾರಿ ಹಿಡಿಯುತ್ತ ಹೋದವೆಂದೂ ವಾದಿಸಿದರು, ಇವರನ್ನು ಪ್ರಕ್ರಿಯಾವಾದಿಗಳೆನ್ನಬಹುದು. ಇವೆರಡಕ್ಕೂ ಮೊದಲೇ, 1961ರಲ್ಲಿ, ವಿಯೆನ್ನಾದಲ್ಲಿ ಹುಟ್ಟಿ ಬಾಲ್ಯದಲ್ಲಿ ಅಲ್ಲಿಂದ ಪಾರಾಗಿದ್ದ ರೌಲ್ ಹಿಲ್‌ಬರ್ಗ್ ಜರ್ಮನ್ ಸರ್ಕಾರಿ ದಾಖಲೆಗಳನ್ನೇ ಆಧರಿಸಿ ಬರೆದ ಬೃಹತ್ ಗ್ರಂಥ ಬೇರೊಂದು ನೋಟವನ್ನು ಕೊಟ್ಟಿತ್ತು. ಮೊದಲು ಯೆಹೂದಿ ಯಾರೆಂಬ ವ್ಯಾಖ್ಯೆ, ಅನಂತರ ಆಸ್ತಿಯ ಅಪಹರಣ, ಆಮೇಲೆ ಒಂದೆಡೆ ಕೂಡಿಹಾಕುವುದು, ಕೊನೆಗೆ ನಿರ್ಮೂಲನೆ. ಪ್ರತಿ ಹಂತವೂ ಹಿಂದಿನ ಹಂತ ಸಿದ್ಧಪಡಿಸಿಟ್ಟ ಕಡತದ ಮೇಲೆ ನಿಂತಿತ್ತು. ಸಂಕಲ್ಪ ಯಾವಾಗ ಮೂಡಿತೆಂಬ ವಾದ ಮುಗಿಯುವಂಥದ್ದಲ್ಲ. ಆದರೆ ಕೆಲಸ ಹೇಗೆ ಸಾಗಿತೆಂಬುದನ್ನು ತೋರಿಸುವಲ್ಲಿ ಹಿಲ್‌ಬರ್ಗನ ಚೌಕಟ್ಟು ಇಂದಿಗೂ ಹೆಚ್ಚು ನೆರವಾಗುತ್ತದೆ. ಪ್ರತಿ ಹಂತದ ಅಧಿಕಾರಿಗೂ ಮುಂದಿನ ಹಂತ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ ಎಂಬುದು ಅದರಿಂದ ಹೊರಡುವ, ಇಂದಿಗೂ ಕಸಿವಿಸಿ ಹುಟ್ಟಿಸುವ ತೀರ್ಮಾನ.

ಯೆಹೂದಿ ದ್ವೇಷವೇನೂ ನಾಜಿಗಳ ಆವಿಷ್ಕಾರವಲ್ಲ. ಮಧ್ಯಯುಗದ ಕ್ರೈಸ್ತ ಯೂರೋಪಿನಲ್ಲಿ ಅದು ಮತದ್ವೇಷವಾಗಿತ್ತು. ಯೆಹೂದಿಯೊಬ್ಬ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದರೆ, ತತ್ತ್ವಶಃ ಆದರೂ, ಅದರಿಂದ ಪಾರಾಗುವ ಬಾಗಿಲೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ಜನಾಂಗದ್ವೇಷದ ರೂಪ ತಾಳಿ, ದೋಷ ನಂಬಿಕೆಯಲ್ಲಿಲ್ಲ, ರಕ್ತದಲ್ಲಿದೆ ಎಂಬ ಮಾತು ಹಬ್ಬಿದಾಗ ಆ ಬಾಗಿಲು ಮುಚ್ಚಿತು. ವಿಚಿತ್ರವೆಂದರೆ, ಇದೇ ಕಾಲದಲ್ಲಿ, 1871ರ ಜರ್ಮನ್ ಏಕೀಕರಣದೊಂದಿಗೆ, ಯೆಹೂದಿಗಳಿಗೆ ಇಡೀ ದೇಶದಲ್ಲಿ ಸಮಾನ ಪೌರತ್ವ ದೊರೆತಿತ್ತು. ಮೊದಲ ಮಹಾಯುದ್ಧದಲ್ಲಿ ಸುಮಾರು ಒಂದು ಲಕ್ಷ ಯೆಹೂದಿಗಳು ಜರ್ಮನ್ ಸಮವಸ್ತ್ರ ತೊಟ್ಟರು, ಸುಮಾರು 12,000 ಮಂದಿ ಮಡಿದರು. ಆದರೂ 1916ರಲ್ಲಿ, ಅವರು ರಣರಂಗದಿಂದ ತಪ್ಪಿಸಿಕೊಳ್ಳುತ್ತಿದ್ದಾರೆಂಬ ಗುಸುಗುಸು ಮಾತಿಗೆ ಕಿವಿಗೊಟ್ಟು ಸೇನಾ ಇಲಾಖೆ ಯೆಹೂದಿ ಸೈನಿಕರ ಪ್ರತ್ಯೇಕ ಗಣತಿ ನಡೆಸಿತು ಮತ್ತು ಅದರ ಫಲಿತಾಂಶವನ್ನು ಯುದ್ಧಕಾಲದಲ್ಲಿ ಪ್ರಕಟಿಸದೆ ಇಟ್ಟುಕೊಂಡಿತು. ಎಣಿಕೆಯೇ ಅವಮಾನದ ಸಾಧನವಾಗಬಲ್ಲದೆಂಬುದು ಅಲ್ಲಿಯೇ ಗೊತ್ತಾಗಿತ್ತು.

1933ರಲ್ಲಿ ಜರ್ಮನಿಯ ಯೆಹೂದಿಗಳು ಸುಮಾರು ಐದು ಲಕ್ಷ, ಅಂದರೆ ಜನಸಂಖ್ಯೆಯ ನೂರಕ್ಕೆ ಒಂದು ಪಾಲಿಗೂ ಕಡಿಮೆ. ಅವರಲ್ಲಿ ಮೂರನೆಯ ಒಂದರಷ್ಟು ಮಂದಿ ಬರ್ಲಿನ್ ಒಂದರಲ್ಲೇ ಇದ್ದರು. ಏಪ್ರಿಲ್ 1ರಂದು ಅವರ ಅಂಗಡಿಗಳಿಗೆ ದೇಶವ್ಯಾಪಿ ಬಹಿಷ್ಕಾರ ಘೋಷಣೆಯಾಯಿತು. ಅಂಗಡಿ ಬಾಗಿಲಲ್ಲಿ ನಿಂತ ಕಂದು ಅಂಗಿಯ ಪಡೆಯ ಚಿತ್ರಗಳು ಹೆಚ್ಚು ಪ್ರಸಿದ್ಧವಾದರೂ, ಒಂದೇ ದಿನಕ್ಕೆ ಮುಗಿದ ಆ ಬಹಿಷ್ಕಾರಕ್ಕಿಂತ ಆರು ದಿನಗಳ ಅನಂತರ ಬಂದ, ಸರ್ಕಾರಿ ನೌಕರಿಯ ‘ಪುನಃಸ್ಥಾಪನೆ’ ಎಂಬ ಸಭ್ಯ ಹೆಸರಿನ ಕಾಯಿದೆ ಆಳವಾಗಿ ಕೊರೆಯಿತು. ಅದು ‘ಆರ್ಯೇತರ’ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕಿತು. ವಿಶ್ವವಿದ್ಯಾಲಯಗಳೂ ಸರ್ಕಾರದ್ದೇ ಆದ್ದರಿಂದ ಪ್ರಾಧ್ಯಾಪಕರೂ ಅದರ ಬಲೆಗೆ ಬಿದ್ದರು. ರಾಷ್ಟ್ರಾಧ್ಯಕ್ಷ ಹಿಂಡನ್‌ಬರ್ಗರ ಒತ್ತಾಯದಿಂದ ರಣರಂಗದಲ್ಲಿ ಹೋರಾಡಿದವರಿಗೆ ವಿನಾಯಿತಿ ಸಿಕ್ಕಿತು, ಅದಕ್ಕೆ ಅರ್ಹರಾದವರ ಸಂಖ್ಯೆ ಕಂಡು ನಾಜಿಗಳೇ ಬೆರಗಾದರು. ಎರಡೇ ವರ್ಷದಲ್ಲಿ ಆ ವಿನಾಯಿತಿಯೂ ಹೋಯಿತು.

ಈ ಕಾಯಿದೆಯ ಪರಿಣಾಮ ಕರ್ನಾಟಕದವರೆಗೂ ಬಂದು ಮುಟ್ಟಿತು. ಗಟಿಂಗನ್ ವಿಶ್ವವಿದ್ಯಾಲಯದಿಂದ ಹೊರಬಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಕೆಲಸ ಮಾಡಿದರು. ಅವರನ್ನು ಕಾಯಂ ಆಗಿ ಉಳಿಸಿಕೊಳ್ಳುವ ರಾಮನ್ ಅವರ ಪ್ರಯತ್ನ ಸಂಸ್ಥೆಯೊಳಗಿನ ವಿರೋಧದಿಂದ ಕೈಗೂಡದೆ, ಬಾರ್ನ್ 1936ರಲ್ಲಿ ಎಡಿನ್‌ಬರೊಗೆ ಹೋದರು. ಅವರ ಸೋದರಳಿಯ, ಬರ್ಲಿನ್ನಿನ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್ 1933ರಲ್ಲಿ ನೌಕರಿ ಕಳೆದುಕೊಂಡು ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. ಬೆಂಗಳೂರಿನಲ್ಲಿ ಅವರ ಕೈಯಿಂದ ಎದ್ದ ಕಟ್ಟಡಗಳು ಇನ್ನೂ ಇವೆ. ಆದರೆ ಇಂಥ ಆಶ್ರಯ ದೊರೆತದ್ದು ಹೆಸರೂ ವಿದ್ಯೆಯೂ ಇದ್ದ ಬೆರಳೆಣಿಕೆಯ ಜನಕ್ಕೆ.

1933ರ ಕಾಯಿದೆಯಲ್ಲಿ ‘ಆರ್ಯೇತರ’ ಎಂಬ ಮಾತು ಸಡಿಲವಾಗಿತ್ತು. ಯೆಹೂದಿ ಎಂದರೆ ಯಾರು ಎಂಬುದನ್ನು ಬಿಗಿಯಾಗಿ ಹೇಳಿದ್ದು 1935ರ ಸೆಪ್ಟೆಂಬರ್ 15ರ ನ್ಯೂರೆಂಬರ್ಗ್ ಕಾಯಿದೆಗಳು ಮತ್ತು ಅವುಗಳ ಬೆನ್ನಿಗೆ ನವೆಂಬರ್ 14ರಂದು ಬಂದ ನಿಯಮಾವಳಿ. ಕಾಯಿದೆಗಳಲ್ಲಿ ಒಂದು ಯೆಹೂದಿಗಳನ್ನು ಪೌರರ ಸಾಲಿನಿಂದ ತೆಗೆದು ಬರಿಯ ಪ್ರಜೆಗಳನ್ನಾಗಿಸಿತು. ಇನ್ನೊಂದು ಯೆಹೂದಿಗೂ ‘ಜರ್ಮನ್ ರಕ್ತ’ದವರಿಗೂ ಮದುವೆ, ದೈಹಿಕ ಸಂಬಂಧ ಎರಡನ್ನೂ ಅಪರಾಧವಾಗಿಸಿತು. ನಿಯಮಾವಳಿಯ ಪ್ರಕಾರ ಅಜ್ಜ ಅಜ್ಜಿಯರು ನಾಲ್ವರಲ್ಲಿ ಮೂವರು ಅಥವಾ ನಾಲ್ವರೂ ಯೆಹೂದಿಗಳಾಗಿದ್ದರೆ ಮೊಮ್ಮಗ ಯೆಹೂದಿ. ಇಬ್ಬರು ಅಥವಾ ಒಬ್ಬರಿದ್ದರೆ ‘ಮಿಶ್ರಜ’, ಅದರಲ್ಲೂ ದರ್ಜೆಗಳು. ಇಲ್ಲಿ ಇಡೀ ಸಿದ್ಧಾಂತದ ಪೊಳ್ಳು ಬಯಲಾಗುತ್ತದೆ. ರಕ್ತದಲ್ಲಿ ಗುರುತಿಸಬಲ್ಲ ಯಾವ ಲಕ್ಷಣವನ್ನೂ ಯಾವ ವಿಜ್ಞಾನಿಯೂ ಕಂಡುಹಿಡಿದಿರಲಿಲ್ಲವಾಗಿ, ಅಜ್ಜಿ ಯೆಹೂದಿಯೇ ಅಲ್ಲವೇ ಎಂಬುದನ್ನು ಅವಳು ಯಾವ ಧಾರ್ಮಿಕ ಸಮುದಾಯಕ್ಕೆ ಸೇರಿದ್ದಳೆಂಬ ದಾಖಲೆಯಿಂದಲೇ ತೀರ್ಮಾನಿಸಬೇಕಾಯಿತು. ಜನಾಂಗದ ಹೆಸರಿನ ಕಾಯಿದೆ ಮತದ ದಾಖಲೆಯ ಮೇಲೆ ನಿಂತಿತು. ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳನ್ನು ತಿರುವಿಹಾಕಿ ವಂಶಾವಳಿಯ ಪ್ರಮಾಣಪತ್ರ ಬರೆದುಕೊಡುವುದು ಪಾದ್ರಿಗಳ ನಿತ್ಯದ ಕೆಲಸವಾಯಿತು. ಲಕ್ಷಾಂತರ ಸಾಮಾನ್ಯ ಜರ್ಮನ್ನರು ತಮ್ಮ ಅಜ್ಜಂದಿರು ‘ಶುದ್ಧ’ರೆಂದು ತೋರಿಸಲು ಸಾಲುಗಟ್ಟಿದಾಗ, ತಾವೊಂದು ವಿಂಗಡಣೆಯಲ್ಲಿ ಪಾಲುಗೊಳ್ಳುತ್ತಿದ್ದೇವೆಂದು ಅವರಲ್ಲಿ ಹಲವರಿಗೆ ಅನ್ನಿಸಿರಲಾರದು.

ಇಲ್ಲಿಂದ ಮುಂದಿನ ದಾರಿ ನೇರವಾಗಿರಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್ ಕಾಲಕ್ಕೆ ಬೀದಿಯ ಯೆಹೂದಿ ವಿರೋಧಿ ಫಲಕಗಳು ಕೆಳಗಿಳಿದವು, ವಿದೇಶಿ ಅತಿಥಿಗಳು ಮೆಚ್ಚಿ ಹೋದರು. ಆಗಿನ ನೀತಿ ಯೆಹೂದಿಗಳು ದೇಶ ಬಿಟ್ಟು ತೊಲಗಲಿ ಎಂಬುದೇ ಆಗಿತ್ತು, ಆದರೆ ಅದೇ ಸರ್ಕಾರ ಹೊರಡುವವರ ಕೈ ಬರಿದು ಮಾಡುತ್ತಿತ್ತು. ದೇಶ ತೊರೆಯುವವರ ಮೇಲಿನ ತೆರಿಗೆ ಅವರ ಆಸ್ತಿಯ ಕಾಲುಭಾಗವನ್ನು ನುಂಗುತ್ತಿತ್ತು, ಉಳಿದ ಹಣವನ್ನು ವಿದೇಶಿ ನಾಣ್ಯಕ್ಕೆ ಬದಲಿಸಿಕೊಳ್ಳುವಲ್ಲಿ ಇನ್ನಷ್ಟು ಕರಗುತ್ತಿತ್ತು. ಬರಿಗೈಯಲ್ಲಿ ಬರುವ ನಿರಾಶ್ರಿತನಿಗೆ ಬೇರೆ ದೇಶಗಳು ವೀಸಾ ಕೊಡಲು ಹಿಂಜರಿಯುತ್ತಿದ್ದವು. ಓಡಿಸುವ ಹಟ ಮತ್ತು ಸುಲಿಯುವ ಆಸೆ ಒಂದನ್ನೊಂದು ಕೆಡಿಸಿದ ಈ ವಿರೋಧಾಭಾಸದಲ್ಲಿ ಬಡವರೂ ಮುದುಕರೂ ಸಿಕ್ಕಿಬಿದ್ದರು.

1938 ಈ ಕಥೆಯ ತಿರುವಿನ ವರ್ಷ. ಮಾರ್ಚ್‌ನಲ್ಲಿ ಆಸ್ಟ್ರಿಯಾ ಜರ್ಮನಿಯೊಳಗೆ ಸೇರಿದಾಗ, ವಿಯೆನ್ನಾದಲ್ಲಿ ಯೆಹೂದಿಗಳನ್ನು ಮಂಡಿಯೂರಿಸಿ ಬೀದಿಯ ಕಲ್ಲುಹಾಸು ಉಜ್ಜಿಸಿದ ಜನ ಹೊರಗಿನಿಂದ ಬಂದವರಲ್ಲ, ನೆರೆಹೊರೆಯವರು. ಆಗಸ್ಟ್‌ನಲ್ಲಿ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್ ಅಲ್ಲಿ ವಲಸೆಯ ಕೇಂದ್ರ ಕಚೇರಿಯೊಂದನ್ನು ತೆರೆದ. ಅದರ ಒಂದು ತುದಿಯಿಂದ ಮನೆ, ಅಂಗಡಿ, ಬ್ಯಾಂಕ್ ಖಾತೆಗಳೊಂದಿಗೆ ಒಳಹೊಕ್ಕ ಯೆಹೂದಿ ಮೇಜಿನಿಂದ ಮೇಜಿಗೆ ಸಾಗಿ ಇನ್ನೊಂದು ತುದಿಯಿಂದ ಹೊರಬರುವಾಗ ಅವನ ಕೈಯಲ್ಲಿ ಪಾಸ್‌ಪೋರ್ಟ್ ಮತ್ತು ಇಂಥ ದಿನದೊಳಗೆ ಹೊರಡಬೇಕೆಂಬ ಆಜ್ಞೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಏಪ್ರಿಲ್ 26ರ ಆಜ್ಞೆ 5,000 ಮಾರ್ಕ್‌ಗೆ ಮೀರಿದ ಆಸ್ತಿಯನ್ನೆಲ್ಲ ಯೆಹೂದಿಗಳು ನೋಂದಾಯಿಸಬೇಕೆಂದಿತು. ಆಗಸ್ಟ್ 17ರ ಆಜ್ಞೆ, ಹೆಸರಿನಿಂದಲೇ ಯೆಹೂದಿಯೆಂದು ಗೊತ್ತಾಗದ ಗಂಡಸರೆಲ್ಲ ‘ಇಸ್ರೇಲ್’ ಎಂದೂ ಹೆಂಗಸರೆಲ್ಲ ‘ಸಾರಾ’ ಎಂದೂ ಇನ್ನೊಂದು ಹೆಸರು ಸೇರಿಸಿಕೊಳ್ಳಬೇಕೆಂದಿತು. ಅಕ್ಟೋಬರ್‌ನಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಗಡಿ ಅಧಿಕಾರಿಗಳ ಆತಂಕವೂ ಸೇರಿ, ಯೆಹೂದಿಗಳ ಪಾಸ್‌ಪೋರ್ಟಿನ ಮೇಲೆ ಕೆಂಪು ‘ಜೆ’ ಅಕ್ಷರದ ಮುದ್ರೆ ಬಿತ್ತು. ಆ ನಡುವೆ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ನಿರಾಶ್ರಿತರ ಕುರಿತು ಸಭೆ ಸೇರಿ ಸಹಾನುಭೂತಿ ಸೂಚಿಸಿದವು, ಡೊಮಿನಿಕನ್ ಗಣರಾಜ್ಯವನ್ನು ಬಿಟ್ಟರೆ ಹೆಚ್ಚು ಜನರನ್ನು ಸೇರಿಸಿಕೊಳ್ಳಲು ಯಾರೂ ಮುಂದಾಗಲಿಲ್ಲ.

ನವೆಂಬರ್ 9ರ ರಾತ್ರಿ, ಪ್ಯಾರಿಸ್‌ನಲ್ಲಿ ಜರ್ಮನ್ ರಾಜತಾಂತ್ರಿಕನೊಬ್ಬನನ್ನು ಹದಿನೇಳರ ಯೆಹೂದಿ ಹುಡುಗನೊಬ್ಬ ಗುಂಡಿಕ್ಕಿ ಕೊಂದದ್ದನ್ನು ನೆಪ ಮಾಡಿಕೊಂಡು, ದೇಶದುದ್ದಕ್ಕೂ ಸಿನಗಾಗ್‌ಗಳಿಗೆ, ಅಂದರೆ ಯೆಹೂದಿ ಪ್ರಾರ್ಥನಾಮಂದಿರಗಳಿಗೆ, ಬೆಂಕಿ ಬಿತ್ತು. ಸುಮಾರು 7,500 ಅಂಗಡಿಗಳ ಗಾಜು ಒಡೆಯಿತು, ಸುಮಾರು 30,000 ಗಂಡಸರನ್ನು ಡಾಖಾವ್, ಬುಖೆನ್‌ವಾಲ್ಡ್, ಜಾಕ್ಸೆನ್‌ಹೌಸನ್ ಸೆರೆಶಿಬಿರಗಳಿಗೆ ಒಯ್ದರು. ಅಧಿಕೃತ ಲೆಕ್ಕ 91 ಸಾವುಗಳನ್ನು ಹೇಳಿತಾದರೂ ನಿಜದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು. ಚೂರಾದ ಗಾಜಿನ ನೆನಪಿಗೆ ‘ಸ್ಫಟಿಕ ರಾತ್ರಿ’ ಎಂಬ ಹೆಸರು ಇದಕ್ಕೆ ಅಂಟಿತು. ಆದರೆ ನವೆಂಬರ್ 12ರಂದು ನಾಜಿ ನಾಯಕ ಗೋರಿಂಗ್ ಕರೆದ ಸಭೆ ಆ ರಾತ್ರಿಗಿಂತ ಹೆಚ್ಚು ಹೇಳುತ್ತದೆ. ಅಲ್ಲಿ ಚರ್ಚೆಯಾದದ್ದು ಒಡೆದ ಗಾಜಿನ ಬೆಲೆ, ವಿಮೆಯ ಹಣ ಯಾರಿಗೆ ಎಂಬ ಪ್ರಶ್ನೆ, ನಷ್ಟ ಯಾರ ತಲೆಗೆ ಎಂಬ ಲೆಕ್ಕ. ಕೊನೆಗೆ ಯೆಹೂದಿಗಳ ಮೇಲೆಯೇ ನೂರು ಕೋಟಿ ಮಾರ್ಕ್ ದಂಡ ಬಿತ್ತು, ಅವರಿಗೆ ಬರಬೇಕಾದ ವಿಮೆಯ ಹಣವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, ರಿಪೇರಿಯ ಖರ್ಚೂ ಅವರದೇ ಆಯಿತು. ಏಪ್ರಿಲ್‌ನ ಆಸ್ತಿ ನೋಂದಣಿ ಈಗ ದಂಡ ವಸೂಲಿಯ ಪಟ್ಟಿಯಾಯಿತು. ಬೀದಿಯ ಗಲಭೆ ನಾಜಿ ನಾಯಕರಲ್ಲಿ ಹಲವರಿಗೆ ರುಚಿಸಲಿಲ್ಲ; ಅದು ಅಮಾನುಷವೆಂದಲ್ಲ, ಅವ್ಯವಸ್ಥಿತವೆಂದು. ಮುಂದೆ ಜರ್ಮನಿಯೊಳಗೆ ಅಂಥ ಬಹಿರಂಗ ಗಲಭೆ ಆ ಪ್ರಮಾಣದಲ್ಲಿ ಮತ್ತೆ ನಡೆಯಲಿಲ್ಲ, ಎಲ್ಲವೂ ಕಚೇರಿಯ ಮೂಲಕ ನಡೆಯಿತು.

ಗಾಬರಿಗೊಂಡ ಜನ ಈಗ ಎಲ್ಲಿಗಾದರೂ ಹೊರಡಲು ತಯಾರಾದರು. ಬ್ರಿಟನ್ ಸುಮಾರು 10,000 ಮಕ್ಕಳನ್ನು ತಂದೆತಾಯಿಯರಿಲ್ಲದೆ ಬರಮಾಡಿಕೊಂಡಿತು. 1939ರ ಮೇ ತಿಂಗಳಲ್ಲಿ 937 ಪ್ರಯಾಣಿಕರನ್ನು ಹೊತ್ತು ಹ್ಯಾಂಬರ್ಗ್‌ನಿಂದ ಹೊರಟ ‘ಸೇಂಟ್ ಲೂಯಿಸ್’ ಹಡಗಿಗೆ ಕ್ಯೂಬಾವೂ ಅಮೆರಿಕವೂ ದಡ ಕೊಡದೆ ಅದು ಯೂರೋಪಿಗೇ ಮರಳಿತು. ಅದರಲ್ಲಿದ್ದವರ ಪೈಕಿ 254 ಮಂದಿ ಮುಂದೆ ನಾಜಿಗಳ ಕೈಯಲ್ಲಿ ಸತ್ತರು. ಆದರೂ ಯುದ್ಧ ಆರಂಭವಾಗುವ ಹೊತ್ತಿಗೆ ಜರ್ಮನಿಯ ಯೆಹೂದಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ದೇಶ ಬಿಟ್ಟಿದ್ದರು. ಭಾರತಕ್ಕೆ ಬಂದವರದು ಸಣ್ಣ ಗುಂಪು. ಯುದ್ಧ ಶುರುವಾದಾಗ ಅವರಲ್ಲಿ ಹಲವರನ್ನು, ಜರ್ಮನ್ ಪಾಸ್‌ಪೋರ್ಟ್ ಇದ್ದ ಕಾರಣಕ್ಕೆ, ಬ್ರಿಟಿಷ್ ಸರ್ಕಾರ ‘ಶತ್ರುದೇಶೀಯ’ರೆಂದು ಬಂಧನ ಶಿಬಿರಗಳಲ್ಲಿಟ್ಟಿತು.

1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ನಡೆದ ದಾಳಿ ಎಲ್ಲ ಲೆಕ್ಕಗಳನ್ನೂ ಬುಡಮೇಲು ಮಾಡಿತು. ಜರ್ಮನಿಯೊಳಗೆ ಉಳಿದಿದ್ದ ಯೆಹೂದಿಗಳು ಎರಡು ಲಕ್ಷದ ಆಸುಪಾಸು. ಪೋಲೆಂಡಿನಲ್ಲಿ ಹೊಸದಾಗಿ ಕೈಗೆ ಸಿಕ್ಕವರು ಸುಮಾರು ಇಪ್ಪತ್ತು ಲಕ್ಷ. ದೇಶದಿಂದ ಓಡಿಸುವ ನೀತಿ ಇಷ್ಟು ದೊಡ್ಡ ಸಂಖ್ಯೆಗೆ ಒಗ್ಗುವಂತಿರಲಿಲ್ಲ, ಜೊತೆಗೆ ಯುದ್ಧ ಸಮುದ್ರಮಾರ್ಗಗಳನ್ನೂ ಗಡಿಗಳನ್ನೂ ಮುಚ್ಚಿತ್ತು. ಪೋಲೆಂಡಿನ ನಿಸ್ಕೊ ಪ್ರದೇಶಕ್ಕೆ ಅಟ್ಟುವ ಯೋಜನೆ, 1940ರಲ್ಲಿ ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪಕ್ಕೆ ಸಾಗಿಸುವ ಯೋಜನೆ, ಎರಡೂ ಕೊನೆಗೆ ಕೈಗೂಡಲಿಲ್ಲ. ಇದಕ್ಕೆ ಮೊದಲೇ, ಸೆಪ್ಟೆಂಬರ್ 21ರಂದು ಭದ್ರತಾ ಪೊಲೀಸ್ ಮುಖ್ಯಸ್ಥ ರೈನ್‌ಹಾರ್ಡ್ ಹೈಡ್ರಿಖ್ ಹಳ್ಳಿಗಳ ಯೆಹೂದಿಗಳನ್ನು ರೈಲುಮಾರ್ಗಕ್ಕೆ ಹತ್ತಿರವಾದ ಊರುಗಳಲ್ಲಿ ಕೂಡಿಸಬೇಕೆಂದೂ, ಪ್ರತಿ ಊರಿನಲ್ಲೂ ಜರ್ಮನ್ ಆಜ್ಞೆಗಳನ್ನು ಜಾರಿಮಾಡಲು ಯೆಹೂದಿ ಹಿರಿಯರ ಮಂಡಳಿಯೊಂದಿರಬೇಕೆಂದೂ ಆದೇಶಿಸಿದ್ದ. ರೈಲಿನ ಮಾತು ಆಗ ಸಾಗಾಣಿಕೆಯ ಅನುಕೂಲಕ್ಕಷ್ಟೇ ಬಂದದ್ದಿರಬಹುದು; ಮೂರು ವರ್ಷದ ಮೇಲೆ ಅದು ಬೇರೆಯೇ ಅನುಕೂಲವಾಯಿತು.

ಹೀಗೆ ಹುಟ್ಟಿದ್ದು ಘೆಟ್ಟೊ, ಅಂದರೆ ಗೋಡೆ ಅಥವಾ ಬೇಲಿಯೊಳಗೆ ಯೆಹೂದಿಗಳನ್ನು ಕೂಡಿಹಾಕಿದ ಕೇರಿ. ಅವುಗಳಲ್ಲಿ ದೊಡ್ಡದಾದ ವಾರ್ಸಾ ಘೆಟ್ಟೊವನ್ನು 1940ರ ನವೆಂಬರ್‌ನಲ್ಲಿ ಮುಚ್ಚಲಾಯಿತು. ಮೂರೂವರೆ ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ತುಂಬಿದರು. ಇತಿಹಾಸಕಾರ ಕ್ರಿಸ್ಟಫರ್ ಬ್ರೌನಿಂಗ್ ತೋರಿಸಿರುವಂತೆ, ಘೆಟ್ಟೊಗಳನ್ನು ನಡೆಸುತ್ತಿದ್ದ ಜರ್ಮನ್ ಅಧಿಕಾರಿಗಳಲ್ಲಿ ಎರಡು ಬಣಗಳಿದ್ದವು: ಒಳಗಿನವರು ಹಸಿದು ಸಾಯಲಿ ಎನ್ನುವವರದೊಂದು, ಅವರಿಂದ ದುಡಿಸಿಕೊಂಡು ಖರ್ಚು ಹುಟ್ಟಿಸಿಕೊಳ್ಳೋಣ ಎನ್ನುವವರದು ಇನ್ನೊಂದು. ದುಡಿಸಿಕೊಳ್ಳುವ ಬಣ ಗೆದ್ದ ಕಡೆಯೂ ಪಡಿತರ ಮನುಷ್ಯ ಬದುಕುವಷ್ಟಿರಲಿಲ್ಲ. ಗೋಡೆಯ ಕಿಂಡಿಗಳಲ್ಲಿ ನುಸುಳಿ ಹಿಟ್ಟು, ಆಲೂಗಡ್ಡೆ ತರುತ್ತಿದ್ದ ಮಕ್ಕಳಿಲ್ಲದಿದ್ದರೆ ವಾರ್ಸಾದ ಸಾವುಗಳು ಇನ್ನೆಷ್ಟೋ ಹೆಚ್ಚುತ್ತಿದ್ದವು. ಹಾಗಿದ್ದೂ 1942ರ ಬೇಸಿಗೆಯ ಹೊತ್ತಿಗೆ ಅಲ್ಲಿ 80,000ಕ್ಕೂ ಹೆಚ್ಚು ಮಂದಿ ಹಸಿವು ಮತ್ತು ಟೈಫಸ್ ಜ್ವರಕ್ಕೆ ಬಲಿಯಾದರು. ಹಿರಿಯರ ಮಂಡಳಿಗಳ ಪಾತ್ರ ಕುರಿತು ಮುಂದೆ ಕಟುವಾದ ವಿಮರ್ಶೆಗಳು ಬಂದಿವೆ. ವಾರ್ಸಾ ಮಂಡಳಿಯ ಅಧ್ಯಕ್ಷ ಆಡಂ ಚೆರ್ನಿಯಾಕೊವ್, ಘೆಟ್ಟೊದವರನ್ನು ಕೊಲೆ ಶಿಬಿರಕ್ಕೆ ಸಾಗಿಸುವ ಮೊದಲ ಆಜ್ಞೆ ಬಂದ ಮರುದಿನ, 1942ರ ಜುಲೈ 23ರಂದು, ವಿಷ ಸೇವಿಸಿ ಸತ್ತದ್ದನ್ನು ನೆನೆದರೆ, ಆಯ್ಕೆಯೇ ಇಲ್ಲದ ಕಡೆ ಆಯ್ಕೆಯ ಹೊಣೆ ಹೊರಿಸುವ ವಿಮರ್ಶೆಗೆ ತಡೆ ಬೀಳಬೇಕಾಗುತ್ತದೆ.

ಇದೇ ಕಾಲದಲ್ಲಿ ಜರ್ಮನಿಯೊಳಗೆ ದಮನ ಬಿಡಿಬಿಡಿಯಾದ ಸಣ್ಣ ಆಜ್ಞೆಗಳಾಗಿ ಇಳಿಯಿತು. ರಾತ್ರಿ ಎಂಟರ ಮೇಲೆ ಮನೆ ಬಿಡಬಾರದು, ರೇಡಿಯೊ ಒಪ್ಪಿಸಬೇಕು, ಟೆಲಿಫೋನ್ ಇರಬಾರದು, ಬೆರಳಚ್ಚು ಯಂತ್ರ, ಬೈಸಿಕಲ್ಲು, ಕ್ಯಾಮೆರಾ ಇರಬಾರದು. 1941ರ ಸೆಪ್ಟೆಂಬರ್‌ನಿಂದ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು. 1942ರ ಮೇ ತಿಂಗಳಿಂದ ಮನೆಯಲ್ಲಿ ನಾಯಿ, ಬೆಕ್ಕು, ಹಕ್ಕಿ ಸಾಕಬಾರದು. ಡ್ರೆಸ್ಡೆನ್ನಿನ ಭಾಷಾಪಂಡಿತ ವಿಕ್ಟರ್ ಕ್ಲೆಂಪರರ್, ಯೆಹೂದಿಯಲ್ಲದ ಹೆಂಡತಿಯ ಕಾರಣದಿಂದ ಉಳಿದುಕೊಂಡು, ಇಂಥ ಪ್ರತಿ ಆಜ್ಞೆಯನ್ನೂ ದಿನಚರಿಯಲ್ಲಿ ಬರೆದಿಟ್ಟರು; ತಮ್ಮ ಮುದ್ದಿನ ಬೆಕ್ಕನ್ನು ಅವರು ಸಾಯಿಸಬೇಕಾಗಿ ಬಂದದ್ದೂ ಅದರಲ್ಲಿದೆ. ದೊಡ್ಡ ಅಂಕಿಗಳ ಮಗ್ಗುಲಲ್ಲಿ ಬೆಕ್ಕಿನ ಮಾತು ಕ್ಷುಲ್ಲಕವೆನಿಸಬಹುದಾದರೂ, ಒಬ್ಬ ಮನುಷ್ಯನನ್ನು ನೆರೆಯವರ ಲೋಕದಿಂದ ಎಳೆ ಎಳೆಯಾಗಿ ಬಿಡಿಸಿ ತೆಗೆದ ಬಗೆ ಇದರಲ್ಲಿ ಕಾಣುವಷ್ಟು ಅಂಕಿಗಳಲ್ಲಿ ಕಾಣುವುದಿಲ್ಲ. 1941ರ ಅಕ್ಟೋಬರ್‌ನಲ್ಲಿ ವಲಸೆಗೇ ನಿಷೇಧ ಬಂತು: ಎಂಟು ವರ್ಷ ‘ತೊಲಗಿ’ ಎಂದ ಸರ್ಕಾರ ಈಗ ‘ಹೊರಡಬೇಡಿ’ ಎಂದಿತು.

ನಿಷೇಧದ ಅರ್ಥ ಪೂರ್ವದಲ್ಲಿ ಆಗಲೇ ಸ್ಪಷ್ಟವಾಗಿತ್ತು. 1941ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ಮೇಲೆ ಏರಿಹೋದ ಸೇನೆಯ ಬೆನ್ನಲ್ಲೇ ಸುಮಾರು 3,000 ಜನರ ನಾಲ್ಕು ‘ಐನ್‌ಸಾಟ್ಸ್‌ಗ್ರುಪ್ಪೆ’ಗಳು, ಅಂದರೆ ಪೊಲೀಸ್ ಮತ್ತು ನಾಜಿ ಪಕ್ಷದ ಎಸ್‌ಎಸ್ ಪಡೆಯವರ ಸಂಚಾರಿ ಕೊಲೆ ದಳಗಳು, ಹೋದವು, ಸಾಮಾನ್ಯ ಪೊಲೀಸ್ ತುಕಡಿಗಳು, ಸೇನೆಯ ಘಟಕಗಳು ಮತ್ತು ಸ್ಥಳೀಯ ಸಹಾಯಕರು ಅವುಗಳೊಂದಿಗೆ ಸೇರಿದರು. ಮೊದಲು ಗಂಡಸರನ್ನು ಕೊಂದವರು ಆಗಸ್ಟ್ ಹೊತ್ತಿಗೆ ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲತೊಡಗಿದರು. ಸೆಪ್ಟೆಂಬರ್ 29 ಮತ್ತು 30ರಂದು ಕೀವ್ ನಗರದ ಅಂಚಿನ ಬಾಬಿ ಯಾರ್ ಕಂದರದಲ್ಲಿ 33,771 ಯೆಹೂದಿಗಳನ್ನು ಗುಂಡಿಕ್ಕಿ ಕೊಂದದ್ದು ದಳದ ವರದಿಯಲ್ಲೇ ದಾಖಲಾಗಿದೆ. ಲಿಥುವೇನಿಯಾದಲ್ಲಿದ್ದ ದಳಪತಿ ಕಾರ್ಲ್ ಯೇಗರ್ ಡಿಸೆಂಬರ್ 1ರಂದು ಕಳಿಸಿದ ವರದಿ ದಿನ, ಊರು, ಗಂಡಸು, ಹೆಂಗಸು, ಮಕ್ಕಳು ಎಂದು ಕಲಂ ಕಲಂ ಆಗಿ ಎಣಿಸಿ 1,37,346 ಎಂಬ ಮೊತ್ತಕ್ಕೆ ತಂದು ನಿಲ್ಲಿಸುತ್ತದೆ. ಇಡೀ ಹತ್ಯಾಕಾಂಡದಲ್ಲಿ ಸತ್ತವರ ಮೂರನೆಯ ಒಂದರಷ್ಟು ಮಂದಿ ಹೀಗೆ ಮನೆಯ ಹತ್ತಿರದ ಕಂದಕಗಳಲ್ಲಿ, ಹಲವು ಸಲ ಊರವರ ಕಣ್ಣೆದುರೇ, ಸತ್ತವರು. ಹತ್ಯಾಕಾಂಡವೆಂದರೆ ಅನಿಲಕೋಣೆಯೊಂದೇ ನೆನಪಾಗುವ ರೂಢಿ ಈ ಸಂಗತಿಯನ್ನು ಮರೆಸಿದೆ.

ಅನಿಲದ ವಿದ್ಯೆ ಬಂದದ್ದು ಬೇರೊಂದು ಕಡೆಯಿಂದ. ಅಂಗವಿಕಲರನ್ನೂ ಮನೋರೋಗಿಗಳನ್ನೂ ‘ದಯಾಮರಣ’ದ ಹೆಸರಿನಲ್ಲಿ ಕೊಲ್ಲುವ ‘ಟಿ-4’ ಎಂಬ ಕಾರ್ಯಕ್ರಮದಲ್ಲಿ 1941ರ ಆಗಸ್ಟ್ ಒಳಗೆ 70,000 ಜರ್ಮನ್ನರು ಸತ್ತಿದ್ದರು. ಬಿಷಪ್ ಒಬ್ಬರ ಬಹಿರಂಗ ಖಂಡನೆಯೂ ಸೇರಿ ಜನರಲ್ಲಿ ಅಸಮಾಧಾನ ಹಬ್ಬಿ ಅದು ಮೇಲ್ನೋಟಕ್ಕೆ ನಿಂತಾಗ, ಕೆಲಸ ಕಲಿತ ಸಿಬ್ಬಂದಿ ಪೋಲೆಂಡಿಗೆ ಹೋದರು. ಡಿಸೆಂಬರ್ 8ರಂದು ಖೆಲ್ಮ್‌ನೊದಲ್ಲಿ ಅನಿಲದ ಲಾರಿಗಳು ಕೆಲಸ ಆರಂಭಿಸಿದವು. 1942ರಲ್ಲಿ ಬೆವ್ಜೆಟ್ಸ್, ಸೊಬಿಬೊರ್, ಟ್ರೆಬ್ಲಿಂಕಾ ಕೊಲೆ ಶಿಬಿರಗಳು ತೆರೆದವು. ಜನವರಿ 20ರಂದು ಬರ್ಲಿನ್ನಿನ ವಾನ್‌ಜೆ ಸರೋವರದ ದಡದ ಬಂಗಲೆಯಲ್ಲಿ ಹೈಡ್ರಿಖ್ ಕರೆದ ಹದಿನೈದು ಜನರ ಸಭೆಯೇ ಕೊಲೆಯ ನಿರ್ಣಯ ಕೈಗೊಂಡಿತೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ, ಏಕೆಂದರೆ ಆ ಹೊತ್ತಿಗೆ ಲಕ್ಷಾಂತರ ಜನ ಸತ್ತಾಗಿತ್ತು. ಸಭೆ ಸೇರಿದ್ದು ಗೃಹ, ನ್ಯಾಯ, ವಿದೇಶಾಂಗ ಇಲಾಖೆಗಳನ್ನು ಒಂದೇ ನೊಗಕ್ಕೆ ಹೂಡಲು; ಒಟ್ಟು 1.1 ಕೋಟಿ ಯೆಹೂದಿಗಳ ದೇಶವಾರು ಪಟ್ಟಿ ಅಲ್ಲಿತ್ತು, ಹೆಚ್ಚು ಹೊತ್ತು ನಡೆದದ್ದು ಮಾತ್ರ ‘ಮಿಶ್ರಜ’ರನ್ನು ಏನು ಮಾಡಬೇಕೆಂಬ ಚರ್ಚೆ. 1935ರ ವ್ಯಾಖ್ಯೆ ಇಲ್ಲಿ ಸಾವಿನ ಗೆರೆಯಾಗಿ ಮರಳಿ ಬಂದಿತ್ತು. ಮುಂದಿನದನ್ನು ರೈಲ್ವೆ ಇಲಾಖೆಯ ಬಿಲ್ಲುಗಳು ಹೇಳುತ್ತವೆ: ಸಾಗಿಸಿದವರಿಗೆ ಮೂರನೆಯ ದರ್ಜೆಯ ದರ, ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ, ಗುಂಪು ದೊಡ್ಡದಿದ್ದರೆ ರಿಯಾಯಿತಿ, ಮತ್ತು ಹೋಗುವ ಟಿಕೆಟ್ ಮಾತ್ರ. ಆಶ್‌ವಿಟ್ಸ್ ಶಿಬಿರವೊಂದರಲ್ಲೇ ಸುಮಾರು 11 ಲಕ್ಷ ಜನ ಸತ್ತರು, ಅವರಲ್ಲಿ ಸುಮಾರು 10 ಲಕ್ಷ ಯೆಹೂದಿಗಳು.

ಒಂದೇ ಆಜ್ಞೆ ಎಲ್ಲ ದೇಶಗಳಲ್ಲೂ ಒಂದೇ ಫಲ ಕೊಡಲಿಲ್ಲ ಎಂಬುದು ಈ ವಿಷಯದ ಅಧ್ಯಯನದಲ್ಲಿ ಈಚಿನ ದಶಕಗಳಲ್ಲಿ ಹೆಚ್ಚು ಬೆಳಕು ಕಂಡ ಭಾಗ. ನೆದರ್ಲೆಂಡ್ಸ್‌ನಲ್ಲಿದ್ದ ಸುಮಾರು 1,40,000 ಯೆಹೂದಿಗಳಲ್ಲಿ ಮುಕ್ಕಾಲು ಪಾಲು ಹತರಾದರು; ಪಕ್ಕದ ಬೆಲ್ಜಿಯಂನಲ್ಲಿ ಈ ಪಾಲು ಶೇಕಡಾ 40ರ ಸುಮಾರಿನದು, ಫ್ರಾನ್ಸಿನಲ್ಲಿ ಶೇಕಡಾ 25. ಡಚ್ಚರಲ್ಲಿ ಯೆಹೂದಿ ದ್ವೇಷ ಕಡಿಮೆಯಿತ್ತು, 1941ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಾರ್ಮಿಕರು ಯೆಹೂದಿಗಳ ಬಂಧನವನ್ನು ಪ್ರತಿಭಟಿಸಿ ಮುಷ್ಕರವನ್ನೇ ಹೂಡಿದ್ದರು, ಆದ್ದರಿಂದ ಈ ಅಂಕಿ ಮೊದಲ ನೋಟಕ್ಕೆ ಒಗಟು. ಕಾರಣಗಳಲ್ಲಿ ಒಂದು, ಅಲ್ಲಿನ ಜನನೋಂದಣಿ ಅತ್ಯಂತ ಅಚ್ಚುಕಟ್ಟಾಗಿದ್ದದ್ದು. ಯುದ್ಧಕ್ಕೆ ಮೊದಲು ಗುರುತಿನ ಚೀಟಿಯ ಪ್ರಸ್ತಾಪವನ್ನು ಡಚ್ ಸರ್ಕಾರ ತಿರಸ್ಕರಿಸಿತ್ತು. ಜರ್ಮನ್ ಆಕ್ರಮಣದ ಅನಂತರ ನೋಂದಣಿ ಇಲಾಖೆಯ ಮುಖ್ಯಸ್ಥ ಯಾಕೊಬ್ ಲೆಂಟ್ಸ್ ನಕಲು ಮಾಡಲು ಬಲು ಕಷ್ಟವಾದ ಚೀಟಿಯನ್ನು ವೃತ್ತಿಪ್ರೀತಿಯಿಂದಲೇ ರೂಪಿಸಿಕೊಟ್ಟ. 1941ರ ಜನವರಿಯ ಆಜ್ಞೆಯಂತೆ ಯೆಹೂದಿಗಳು ಬಹುತೇಕ ಎಲ್ಲರೂ ಅರ್ಜಿ ತುಂಬಿ ಕೊಟ್ಟರು, ಏಕೆಂದರೆ ಸರ್ಕಾರಿ ಅರ್ಜಿಯನ್ನು ನಂಬುವುದು ಅಲ್ಲಿಯವರ ರೂಢಿ. ಬೆಲ್ಜಿಯಂನ ಯೆಹೂದಿಗಳಲ್ಲಿ ಹೆಚ್ಚಿನವರು ಪೂರ್ವ ಯೂರೋಪಿನಿಂದ ಹೊಸದಾಗಿ ಬಂದ ವಲಸಿಗರು. ಪೊಲೀಸರನ್ನೂ ಕಚೇರಿಯನ್ನೂ ನಂಬದಿರುವುದನ್ನು ಬದುಕೇ ಅವರಿಗೆ ಕಲಿಸಿತ್ತು, ಅವರು ಬೇಗ ಭೂಗತರಾದರು. ನೋಂದಣಿಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು: ನೆದರ್ಲೆಂಡ್ಸ್‌ನಲ್ಲಿ ಎಸ್‌ಎಸ್ ಹಿಡಿತದ ನಾಗರಿಕ ಆಡಳಿತವಿತ್ತು, ಬೆಲ್ಜಿಯಂನಲ್ಲಿ ಸೇನಾ ಆಡಳಿತ; ಡಚ್ಚರ ಸಮತಟ್ಟು ನೆಲದಲ್ಲಿ ಅಡಗುವ ಕಾಡುಬೆಟ್ಟಗಳೂ ಇರಲಿಲ್ಲ. ಆದರೂ 1943ರ ಮಾರ್ಚ್ 27ರಂದು ಪ್ರತಿರೋಧದ ಗುಂಪೊಂದು ಆಮ್‌ಸ್ಟರ್‌ಡ್ಯಾಮ್ ನೋಂದಣಿ ಕಚೇರಿಗೇ ಬೆಂಕಿಯಿಟ್ಟು, ಅದಕ್ಕಾಗಿ ಹನ್ನೆರಡು ಮಂದಿ ಗುಂಡಿಗೆ ಬಲಿಯಾದರೆಂದರೆ, ಕೊಲೆಯ ಬೇರು ಎಲ್ಲಿದೆಯೆಂದು ಆ ಕಾಲದವರಿಗೆ ತಿಳಿದಿತ್ತೆಂದೇ ಅರ್ಥ.

ಫ್ರಾನ್ಸಿನಲ್ಲಿ ಜರ್ಮನಿಯೊಂದಿಗೆ ಸಹಕರಿಸುತ್ತಿದ್ದ ವಿಶಿ ಸರ್ಕಾರ 1940ರ ಅಕ್ಟೋಬರ್‌ನಲ್ಲಿ ಜರ್ಮನ್ನರು ಕೇಳುವ ಮೊದಲೇ ತನ್ನದೇ ಯೆಹೂದಿ ಕಾಯಿದೆ ತಂದಿತು, 1942ರ ಜುಲೈನಲ್ಲಿ ಪ್ಯಾರಿಸ್‌ನ ಪೊಲೀಸರೇ ಸುಮಾರು 13,000 ಮಂದಿಯನ್ನು ಹಿಡಿದುಕೊಟ್ಟರು, ಅನಂತರ ಬಿಷಪ್ಪರು ಮತ್ತು ಜನರ ಆಕ್ಷೇಪ ಕೇಳಿಬಂದಾಗ ಸರ್ಕಾರದ ಉತ್ಸಾಹ ಕುಗ್ಗಿತು. ಬಲ್ಗೇರಿಯಾ ತಾನು ಆಕ್ರಮಿಸಿದ್ದ ಥ್ರೇಸ್ ಮತ್ತು ಮ್ಯಾಸಿಡೋನಿಯಾಗಳಿಂದ 11,000ಕ್ಕೂ ಹೆಚ್ಚು ಯೆಹೂದಿಗಳನ್ನು ಸಾವಿಗೆ ಒಪ್ಪಿಸಿತು, ಸಂಸತ್ತಿನ ಉಪಾಧ್ಯಕ್ಷ ದಿಮಿತರ್ ಪೆಶೆವ್ ಮತ್ತು ಚರ್ಚಿನ ಹಿರಿಯರ ವಿರೋಧದಿಂದ ತನ್ನ ನೆಲದ ಸುಮಾರು 48,000 ಮಂದಿಯನ್ನು ಒಪ್ಪಿಸಲಿಲ್ಲ. ಡೆನ್ಮಾರ್ಕಿನವರು 1943ರ ಅಕ್ಟೋಬರ್‌ನಲ್ಲಿ 7,000ಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಇದಕ್ಕೆ ತೀರ ವಿರುದ್ಧವಾದದ್ದು ಹಂಗರಿ. 1938ರಿಂದ ತನ್ನದೇ ಯೆಹೂದಿ ಕಾಯಿದೆಗಳಿದ್ದ, ಆದರೆ ಸಾಗಾಟಕ್ಕೆ ಒಪ್ಪದಿದ್ದ ಆ ದೇಶವನ್ನು ಜರ್ಮನ್ ಸೇನೆ 1944ರ ಮಾರ್ಚ್‌ನಲ್ಲಿ ಹೊಕ್ಕಿತು; ಮೇ 15ರಿಂದ ಜುಲೈ 9ರವರೆಗೆ, ಎಂಟೇ ವಾರಗಳಲ್ಲಿ, ಸುಮಾರು 4,37,000 ಜನರನ್ನು ಬಹುಪಾಲು ಆಶ್‌ವಿಟ್ಸ್‌ಗೆ ಕಳಿಸಲಾಯಿತು. ಐಕ್‌ಮನ್ ಜೊತೆ ಬಂದ ತಂಡ ಚಿಕ್ಕದು. ಮನೆಮನೆಯಿಂದ ಜನರನ್ನು ಎಳೆದು ತಂದವರು ಹಂಗರಿಯ ಗ್ರಾಮಾಂತರ ಪೊಲೀಸರು. ಜರ್ಮನಿ ಸೋಲುವುದು ಖಚಿತವಾಗಿದ್ದ, ಜಗತ್ತಿಗೆ ವಿಷಯ ತಿಳಿದಿದ್ದ ಹೊತ್ತಿನಲ್ಲಿ ನಡೆದದ್ದೆಂಬ ಕಾರಣಕ್ಕೆ ಇದು ಉಳಿದೆಲ್ಲಕ್ಕಿಂತ ಹೆಚ್ಚು ಕದಡುವ ಅಧ್ಯಾಯ.

ಕೊಂದವರ ಕಡತಗಳಿಗೆ ಎದುರಾಗಿ ಸಾಯುವವರೂ ಒಂದು ಕಡತವನ್ನು ಕಟ್ಟಿದರು. ವಾರ್ಸಾ ಘೆಟ್ಟೊದಲ್ಲಿ ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲುಮ್, ಶನಿವಾರಗಳಂದು ಸೇರುತ್ತಿದ್ದ ಕಾರಣಕ್ಕೆ ‘ಸಬ್ಬತ್ತಿನ ಆನಂದ’ ಎಂಬ ಗುಪ್ತನಾಮವಿದ್ದ ಗುಂಪೊಂದನ್ನು ಕೂಡಿಸಿ, ಪಡಿತರ ಚೀಟಿ, ಶಾಲಾಮಕ್ಕಳ ಪ್ರಬಂಧ, ಸೂಪಿನ ಅಡುಗೆಮನೆಯ ಲೆಕ್ಕ, ಮಿಠಾಯಿಯ ಹೊದಿಕೆ ಕಾಗದ, ಖೆಲ್ಮ್‌ನೊದಿಂದ ತಪ್ಪಿಸಿಕೊಂಡು ಬಂದವನ ಹೇಳಿಕೆ ಎಲ್ಲವನ್ನೂ ಸಂಗ್ರಹಿಸಿದರು. ಆ ಹೇಳಿಕೆಯ ಸಾರ 1942ರಲ್ಲೇ ಲಂಡನ್ ತಲುಪಿತು. ಆ ವರ್ಷ ಜುಲೈನಿಂದ ಸೆಪ್ಟೆಂಬರ್‌ವರೆಗೆ ಸುಮಾರು 2,65,000 ಜನರನ್ನು ಟ್ರೆಬ್ಲಿಂಕಾಗೆ ಒಯ್ಯುತ್ತಿದ್ದಾಗ ಸಂಗ್ರಹದ ಮೊದಲ ಭಾಗವನ್ನು ತಗಡಿನ ಪೆಟ್ಟಿಗೆಗಳಲ್ಲಿ ಹೂಳಿದರು, 1943ರ ಏಪ್ರಿಲ್ 19ರಂದು ಘೆಟ್ಟೊದಲ್ಲಿ ಎದ್ದ ಬಂಡಾಯಕ್ಕೆ ಮುಂಚೆ ಉಳಿದದ್ದನ್ನು ಇನ್ನೆರಡು ಭಾಗಗಳಾಗಿ ಹೂಳಿದರು. ರಿಂಗೆಲ್‌ಬ್ಲುಮ್ 1944ರ ಮಾರ್ಚ್‌ನಲ್ಲಿ ಹೆಂಡತಿ, ಮಗನೊಂದಿಗೆ ಹತರಾದರು. ತಗಡಿನ ಪೆಟ್ಟಿಗೆಗಳು 1946ರಲ್ಲಿ ನೀರು ಹೊಕ್ಕ ಸ್ಥಿತಿಯಲ್ಲಿ ಸಿಕ್ಕವು, ಎರಡನೆಯ ಭಾಗವಿದ್ದ ಎರಡು ಹಾಲಿನ ಕ್ಯಾನುಗಳು 1950ರಲ್ಲಿ. ಮೂರನೆಯ ಭಾಗ ಇನ್ನೂ ಸಿಕ್ಕಿಲ್ಲ.